ರುವಾನ್‌ನ 24 ಗಂಟೆ ಬೋಟ್ ರೇಸಿಗೆ ಸಹಾಯಕ್ಕೆ ಕರೆದಿದ್ದಾರೆ, ಹೋಗಬೇಕಾ? ಹೋಗಿ, ರಾತ್ರಿ ಪಾಳಿಯನ್ನೇ ಕೇಳಿ

ಫ್ರಾನ್ಸಿನ ರುವಾನ್‌ಗೆ ಓದಲು ಬಂದಿದ್ದೀರಿ. ಅಲ್ಲಿನ ಪವರ್‌ಬೋಟ್ ತಂಡವೊಂದು 24 ಗಂಟೆ ರೇಸಿಗೆ ದಡದ ಮೇಲೆ ಸಹಾಯ ಮಾಡಲು ಕರೆದಿದೆ. ಮೆಕ್ಯಾನಿಕ್ ಕೆಲಸ ಬಾರದವರಿಗೆ ಇದು ಸುಮ್ನೆ ಟೈಮ್ ವೇಸ್ಟಾ, ಅದರ ಬದಲು ಫಾರ್ಮುಲಾ ಒನ್ ಬೋಟ್ ರೇಸ್ ನೋಡೋದು ವಾಸಿಯಾ ಅಂತ ಕೇಳಿದ್ದೀರಿ. ನಾನೂ ಅದೇ ಊರಲ್ಲಿ ಓದಿದವನು. ನನ್ನ ಸಹಪಾಠಿಯ ಚಿಕ್ಕಪ್ಪನದೊಂದು ತಂಡವಿತ್ತು, ಅವರೂ ನನ್ನನ್ನು ಹೀಗೇ ಕರೆದಿದ್ದರು. ಆಗ ನನಗೆ ಸ್ಪಾರ್ಕ್ ಪ್ಲಗ್ ಬಿಚ್ಚಲೂ ಬರುತ್ತಿರಲಿಲ್ಲ.

ಊರಿನ ನಡುವೆ ಸೀನ್ ನದಿ ಎರಡಾಗಿ ಒಡೆದು ಲಾಕ್ರುವಾ ಅನ್ನುವ ದ್ವೀಪವನ್ನು ಬಳಸಿ ಹರಿಯುತ್ತದೆ. ಬೋಟುಗಳು ಸುತ್ತೋದು ಆ ದ್ವೀಪವನ್ನೇ. ಒಂದು ಕಡೆ ಕ್ಯಾಥೆಡ್ರಲ್‌ನ ಚೂಪು ಗೋಪುರ ಕಾಣುತ್ತದೆ, ಚಿತ್ರಕಾರ ಮೋನೆ ಮತ್ತೆ ಮತ್ತೆ ಚಿತ್ರ ಬರೆದ ಅದೇ ಕ್ಯಾಥೆಡ್ರಲ್. ದ್ವೀಪದ ಮೇಲೆ ಜನ ವಾಸ ಇದ್ದಾರೆ, ಅವರ ಕಿಟಕಿಯ ಕೆಳಗೇ ರಾತ್ರಿಯಿಡೀ ಎಂಜಿನ್ ಕೂಗುತ್ತಿತ್ತು. ಬೋಟುಗಳು ಸೇತುವೆ ಕಂಬಗಳ ನಡುವೆ ನುಗ್ಗಬೇಕು. ಎರಡೂ ದಡಕ್ಕೆ ಕಲ್ಲಿನ ಗೋಡೆ ಇರುವುದರಿಂದ ಒಂದು ಬೋಟ್ ಎಬ್ಬಿಸಿದ ಅಲೆ ಅಲ್ಲೇ ಅಡಗುವುದಿಲ್ಲ, ಗೋಡೆಗೆ ಬಡಿದು ವಾಪಸ್ ಬಂದು ಹಿಂದೆ ಬರುತ್ತಿರುವ ಬೋಟಿನ ಕೆಳಗೆ ಸೇರುತ್ತದೆ. ಸರೋವರದಲ್ಲಿ ಓಡಿಸಿ ಪಳಗಿದವರು ಇಲ್ಲಿ ಮೊದಲ ಸುತ್ತಿನಲ್ಲೇ ವೇಗ ಇಳಿಸುವುದನ್ನು ನೋಡಿದ್ದೇನೆ.

ಈ ರೇಸ್ ಶುರುವಾದದ್ದು 1964ರಲ್ಲಿ, ನಡೆಯೋದು ಮೇ 1ರ ಆಸುಪಾಸು. ಅದಕ್ಕೂ ಮುಂಚೆಯೇ, 1950ರ ದಶಕದಲ್ಲಿ, ಇದೇ ನದಿಯ ಮೇಲೆ ಪ್ಯಾರಿಸ್ಸಿನಲ್ಲಿ 6 ಗಂಟೆಯ ರೇಸ್ ಇತ್ತು. ಆ ಕಾಲದಲ್ಲಿ ಎಂಜಿನ್ ಕಂಪನಿಗಳಿಗೆ ಇಂಥ ರೇಸ್ ಅಂದರೆ ಜಾಹೀರಾತೂ ಹೌದು, ಪರೀಕ್ಷೆಯೂ ಹೌದು. ಮರ್ಕ್ಯುರಿ, ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳ ಪೈಪೋಟಿ ಪ್ರತಿ ವರ್ಷ ದಡದ ಮೇಲೇ ಗೊತ್ತಾಗುತ್ತಿತ್ತು ಅಂತ ಹಳಬರು ಹೇಳುತ್ತಿದ್ದರು. ಮರ್ಕ್ಯುರಿ ಕಂಪನಿ ಕಟ್ಟಿದ ಕೀಕ್‌ಹೇಫರ್ ಅಂತೂ 1957ರಲ್ಲಿ ಫ್ಲಾರಿಡಾದ ಒಂದು ಸರೋವರವನ್ನು ಗುಟ್ಟಾಗಿಟ್ಟುಕೊಂಡು, ಎಂಜಿನ್‌ಗಳನ್ನು ಹಗಲೂ ರಾತ್ರಿ ಓಡಿಸಿ ಬಾಳಿಕೆ ಅಳೆದಿದ್ದ.

ಬೋಟಿನ ತಳವೂ ಬದಲಾಯಿತು. ಮೊದಮೊದಲು ಒಂದೇ ತಳದ ಬೋಟುಗಳಿದ್ದವು. ಆಮೇಲೆ ಇಟಲಿಯ ಕೋಮೋ ಸರೋವರದ ದಡದಲ್ಲಿ ಬೋಟ್ ಕಟ್ಟುತ್ತಿದ್ದ ಆಂಜೆಲೊ ಮೊಲಿನಾರಿಯಂಥವರು ಎರಡು ಕಾಲಿನ ಟನಲ್ ಬೋಟುಗಳನ್ನು ಇಳಿಸಿದರು. ನಡುವಿನ ಸುರಂಗದಲ್ಲಿ ಗಾಳಿ ಸಿಕ್ಕಿಕೊಂಡು ಬೋಟನ್ನು ಎತ್ತಿ ಹಿಡಿಯುತ್ತದೆ, ನೀರಿಗೆ ತಾಗುವ ಭಾಗ ಕಮ್ಮಿಯಾಗುತ್ತದೆ, ವೇಗ ಏರುತ್ತದೆ. ಅವರ ಮಗ ರೆನಾಟೊ ಮೊಲಿನಾರಿ 1981, 1983 ಮತ್ತು 1984ರಲ್ಲಿ ಫಾರ್ಮುಲಾ ಒನ್ ಬೋಟ್ ಚಾಂಪಿಯನ್ ಆದವರು. ಅವರೂ ಸೀನ್ ನದಿಯ ದೀರ್ಘ ರೇಸುಗಳಲ್ಲಿ ಓಡಿಸಿದ್ದರು. ನೀವು ಫಾರ್ಮುಲಾ ಒನ್ ಬೇರೆ, ಇದು ಬೇರೆ ಅಂದುಕೊಂಡಿದ್ದೀರಿ ಅಲ್ವಾ? ಫಾರ್ಮುಲಾ ಒನ್ ಓಡಿಸಿದ ಎಷ್ಟೋ ಜನ ಇಲ್ಲಿಗೂ ಬಂದವರು.

ಈಗ ನನ್ನ ರಾತ್ರಿಯ ವಿಷಯ. ನನಗೆ ಕೊಟ್ಟದ್ದು ತುಂಬ ಚಿಕ್ಕ ಕೆಲಸ. ಬೋಟ್ ಪೆಟ್ರೋಲಿಗೆ ಬಂದಾಗ ಹಗ್ಗ ಹಿಡಿಯಬೇಕು, ಪೈಲಟ್, ಅಂದರೆ ಬೋಟ್ ಓಡಿಸುವವನು, ಬದಲಾಗುವಷ್ಟರಲ್ಲಿ ಎಂಜಿನ್ನಿನ ಕೆಳಭಾಗದಲ್ಲಿ ಕಸ ಸಿಕ್ಕಿದೆಯಾ ನೋಡಬೇಕು. ನೋಡಲು ಎರಡೇ ಜಾಗ, ಒಂದು ಪ್ರೊಪೆಲರ್, ಇನ್ನೊಂದು ನೀರು ಒಳಗೆ ಹೋಗುವ ರಂಧ್ರಗಳು.

ಈ ರಂಧ್ರಗಳ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನಮ್ಮ ರೇಸ್ ಹೋದದ್ದು ಅಲ್ಲೇ. ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ಗೆ ಕಾರಿನ ಥರ ರೇಡಿಯೇಟರ್ ಇಲ್ಲ. ನದಿಯ ನೀರೇ ಅದನ್ನು ತಣ್ಣಗಿಡಬೇಕು. ಕೆಳಗಿನ ಗೇರ್ ಭಾಗದಲ್ಲಿರುವ ಸಣ್ಣ ರಂಧ್ರಗಳಿಂದ ನೀರು ಒಳಗೆ ಹೋಗುತ್ತದೆ, ರಬ್ಬರ್ ರೆಕ್ಕೆಯ ಪಂಪ್ ಅದನ್ನು ಮೇಲೆ ತಳ್ಳುತ್ತದೆ, ಅದು ಸಿಲಿಂಡರ್‌ಗಳನ್ನು ಸುತ್ತಿ ಹೊರಗೆ ಬರುತ್ತದೆ. ಹೊರಬರುವ ನೀರಿನಲ್ಲಿ ಸ್ವಲ್ಪ ಭಾಗ ಪಕ್ಕದಲ್ಲಿ ಸಣ್ಣ ಧಾರೆಯಾಗಿ ಚಿಮ್ಮುತ್ತದೆ. ಧಾರೆ ಜೋರಾಗಿದ್ದರೆ ಎಲ್ಲ ಸರಿ ಇದೆ ಅಂತ. ಸಣ್ಣದಾದರೆ ಎಂಜಿನ್ ನಿಲ್ಲಿಸಿ ನೋಡಬೇಕು.

ಇನ್ನೊಂದು ವಿಷಯ ಸೀನ್ ನದಿಯದ್ದು. ನದಿಯ ಹಾದಿಯಲ್ಲಿ ಸಮುದ್ರ ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಆದರೂ ಉಬ್ಬರ ರುವಾನ್ ದಾಟಿ ಮೇಲಿನ ಪೋಜ್ ಅಣೆಕಟ್ಟಿನ ತನಕ ಹೋಗುತ್ತದೆ. 24 ಗಂಟೆಯಲ್ಲಿ ನೀರು ಹಲವು ಸಲ ದಿಕ್ಕು ಬದಲಿಸುತ್ತದೆ. ಕೆಳಗೆ ತೇಲಿ ಹೋದ ಕೊಂಬೆ, ಎಲೆ, ಪ್ಲಾಸ್ಟಿಕ್ ಎಲ್ಲ ಮತ್ತೆ ಮೇಲೆ ಬರುತ್ತವೆ. ತಂಡದ ಹಿರಿಯರೊಬ್ಬರು ಸಂಜೆಯೇ ಹೇಳಿದ್ದರು, ನೀರು ತಿರುಗಿದ ಮೇಲೆ ಪ್ರತಿ ಸಲ ರಂಧ್ರಕ್ಕೆ ತಂತಿ ಹಾಕಿ ನೋಡು ಅಂತ.

ನಡುರಾತ್ರಿ ದಾಟಿತ್ತು, ನೀರು ತಿರುಗಿತ್ತು. ಬೋಟ್ ದಡಕ್ಕೆ ಬಂತು, ಪೈಲಟ್ ಇಳಿಯುತ್ತಲೇ ಬೋಟ್ ನಡುಗುತ್ತಿದೆ ಅಂದ. ಎಂಜಿನ್ ಮೇಲೆತ್ತಿದರು. ಪ್ರೊಪೆಲರ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿತ್ತು. ಚಾಕುವಿನಿಂದ ಕೊಯ್ದು ಎಳೆದೆ, ಬಂತು. ಎಲ್ಲರೂ ಸರಿ ಸರಿ ಅಂದರು, ನನಗೂ ಖುಷಿಯಾಯಿತು. ನನ್ನ ಕೈಯಲ್ಲಿ ಇದ್ದದ್ದು ಅರ್ಧ ಚೀಲ. ಉಳಿದರ್ಧ ಎಲ್ಲಿ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಪೈಲಟ್ ನಡುಕ ಅಂದಿದ್ದ, ನಡುಕಕ್ಕೆ ಕಾರಣ ಸಿಕ್ಕಿತ್ತು, ನನ್ನ ತಲೆ ಅಲ್ಲಿಗೆ ನಿಂತಿತು. ತಂತಿ ನನ್ನ ಜೇಬಿನಲ್ಲೇ ಇತ್ತು. ಎಂಜಿನ್ ಮತ್ತೆ ಶುರುವಾದಾಗ ಧಾರೆ ಸಣ್ಣಗಿದ್ದದ್ದನ್ನೂ ಕಂಡೆ. ನಿಧಾನ ವೇಗದಲ್ಲಿ ಹೀಗೇ ಇರುತ್ತದೆ, ಮುಂದೆ ಜೋರಾಗುತ್ತದೆ ಅಂದುಕೊಂಡೆ. ಬಾಯಿ ಬಿಟ್ಟು ಹೇಳಿದ್ದರೆ ಯಾರಾದರೂ ನಿಲ್ಲಿಸುತ್ತಿದ್ದರು. ಹೊಸಬ ನಾನು, ತಪ್ಪಾದರೆ ಅಮೂಲ್ಯ ನಿಮಿಷ ಹಾಳಾಗುತ್ತದಲ್ಲ ಅಂತ ಸುಮ್ಮನಾದೆ.

ಕೆಲವೇ ಸುತ್ತು. ಎಂಜಿನ್ ಕಾದು ಸಿಲಿಂಡರ್ ಒಳಗೆ ಪಿಸ್ಟನ್ ಕಚ್ಚಿಕೊಂಡಿತು. ಬೋಟನ್ನು ಎಳೆದು ತಂದು ಕ್ರೇನಿನಿಂದ ಎತ್ತಿದಾಗ ಉಳಿದರ್ಧ ಚೀಲ ರಂಧ್ರಗಳ ಮೇಲೆ ಅಂಟಿಕೊಂಡೇ ಇತ್ತು. ಅದು ಆ ಮನೆಯವರು ವರ್ಷವಿಡೀ ಕೂಡಿಟ್ಟ ದುಡ್ಡಿನ ಎಂಜಿನ್. ಯಾರೂ ಬೈಯಲಿಲ್ಲ. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮೆಕ್ಯಾನಿಕ್ ಅಲ್ಲದವನಿಗೆ ಅಲ್ಲಿ ಏನು ಕೆಲಸ ಅಂತೀರಿ. ಕಣ್ಣಿಟ್ಟು ನೋಡುವವನು, ನೋಡಿದ್ದನ್ನು ಕೂಗಿ ಹೇಳುವವನು ಬೇಕು, ಅದಕ್ಕೆ ಡಿಪ್ಲೊಮಾ ಬೇಡ. 24 ಗಂಟೆ ರೇಸಿನಲ್ಲಿ ಎಲ್ಲಕ್ಕಿಂತ ವೇಗದ ಬೋಟ್ ಗೆಲ್ಲುತ್ತದೆ ಅನ್ನೋದು ಟಿವಿ ನೋಡಿ ಬಂದ ಕಲ್ಪನೆ. ದಡದಲ್ಲಿ ಕಮ್ಮಿ ಹೊತ್ತು ನಿಂತ ಬೋಟ್ ಗೆಲ್ಲುತ್ತದೆ. ವೇಗದ ಬೋಟ್ ಗಂಟೆಗೆ ಒಂದೋ ಎರಡೋ ಸುತ್ತು ಮುಂದೆ ಹೋಗಬಹುದು, ಕ್ರೇನಿನಲ್ಲಿ ತೂಗುತ್ತಿರುವಾಗ ಅದೆಲ್ಲ ಕರಗಿಹೋಗುತ್ತದೆ.

ಫಾರ್ಮುಲಾ ಒನ್ ಕೆಟ್ಟದ್ದು ಅಂತಲ್ಲ. 2018ರ ನವೆಂಬರಿನಲ್ಲಿ ಆಂಧ್ರದ ಅಮರಾವತಿಯಲ್ಲಿ, ನಮ್ಮ ಕಡೆಯಿಂದಲೇ ಹರಿದುಹೋಗುವ ಕೃಷ್ಣಾ ನದಿಯ ಮೇಲೆ ಅದು ನಡೆದಾಗ ನಾನೂ ಹಿಗ್ಗಿದ್ದೆ. ಆದರೆ ಅದು ಒಂದು ಗಂಟೆಯೊಳಗೆ ಮುಗಿಯುವ ಓಟ, ನೀವು ಅಲ್ಲಿ ಟಿಕೆಟ್ ಕೊಂಡ ಪ್ರೇಕ್ಷಕ. ಇಲ್ಲಿ ನಿಮ್ಮನ್ನು ಒಳಗೆ ಕರೆಯುತ್ತಿದ್ದಾರೆ. ಫಾರ್ಮುಲಾ ಒನ್ನನ್ನು ಟಿವಿಯಲ್ಲಿ ಯಾವಾಗ ಬೇಕಾದರೂ ನೋಡಿ.

ರಾತ್ರಿಯೂ ಬಿಡದೆ ಓಡಿಸೋದು ನನ್ನ ಕಾಲದ ಕ್ರಮ. ನಿಮ್ಮ ವರ್ಷದ ವೇಳಾಪಟ್ಟಿಯನ್ನು ತಂಡದವರ ಹತ್ತಿರ ಕೇಳಿಕೊಳ್ಳಿ. ಕತ್ತಲಲ್ಲಿ ಓಟ ಇದ್ದರೆ ಆ ಪಾಳಿಯನ್ನೇ ಕೇಳಿ ಪಡೆಯಿರಿ, ಹಗಲು ಪಾಳಿಗೆ ಜನ ಬೇಕಾದಷ್ಟು ಸಿಗುತ್ತಾರೆ. ಏಪ್ರಿಲ್ ಮುಗಿದರೂ ನದಿ ದಡದಲ್ಲಿ ರಾತ್ರಿ ಕೊರೆಯುತ್ತದೆ, ದಪ್ಪ ಜಾಕೆಟ್ ಒಯ್ಯಿರಿ. ಕಿವಿಗೆ ಒಳ್ಳೆಯ ಮುಚ್ಚಳ, ಹಣೆಗೆ ಕಟ್ಟುವ ಟಾರ್ಚ್ ನಿಮ್ಮದೇ ಇರಲಿ. ಉಬ್ಬರ ಇಳಿತದ ಸಮಯಗಳನ್ನು ಮುಂಗೈ ಮೇಲೆ ಬರೆದುಕೊಳ್ಳಿ. ಆ ತಂಡಕ್ಕೆ ಇವತ್ತೇ ಉತ್ತರ ಕಳಿಸಿ, ಮೇ ಹತ್ತಿರ ಬಂದರೆ ಅವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ.