ಇಟ್ಟೇ ಇರದ ನೆನಪನ್ನು ಹುಡುಕುತ್ತಿದ್ದ ಮಗಳು

ಆಕೆಗೆ 46 ವರ್ಷ. ಗುರುತು ಸಿಗಬಾರದೆಂದು ವಯಸ್ಸು ಮತ್ತು ಮನೆಯ ವಿವರ ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆ ಇದೆ. ನನ್ನ ಬಳಿ ಆಪ್ತಸಲಹೆಗೆ ಬಂದವರು ಮೊದಲು ಹೇಳಿಕೊಂಡಿದ್ದು ಮರೆವಿನ ಬಗ್ಗೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಾಗುವುದಿಲ್ಲ, ಒಂದೇ ಪುಟ ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲ, ಪರಿಚಯದವರ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತದೆ. "ಡಿಮೆನ್ಷಿಯಾ ಶುರುವಾಗಿದೆಯಾ ಮೇಡಂ?" ಎಂದು ಕೇಳಿದರು.

ಎದ್ದು ಹೊರಡುವ ಹೊತ್ತಿಗೆ ಒಳಗಿದ್ದ ಮಾತು ಹೊರಬಂತು. "ಅಮ್ಮ ಹೋದ ರಾತ್ರಿ ನಾನು ಪಕ್ಕದಲ್ಲೇ ಕೂತಿದ್ದೆ. ಏನೋ ಹೇಳಿದಳು. ಬಾಗಿಲ ಹತ್ತಿರ ನಿಂತಿದ್ದ ಅಣ್ಣನಿಗೆ ಅದು ನೆನಪಿದೆ, ನನಗಿಲ್ಲ. ನಾನೆಂಥ ಮಗಳು?"

ಮತ್ತೆ ಕೂರಿಸಿದೆ. ತಾಯಿ ಹಾಸಿಗೆ ಹಿಡಿದು 11 ತಿಂಗಳು. ಬೆನ್ನು ಹುಣ್ಣಾಗದಿರಲಿ ಎಂದು ರಾತ್ರಿಯೂ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕಿತ್ತು. ಅದನ್ನೆಲ್ಲ ಮಾಡಿದವರು ಇವರೊಬ್ಬರೇ. ಅಣ್ಣ ಬಂದಿದ್ದು ಕೊನೆಯ ದಿನ.

ಮರೆವಿನ ಮಾತು ಬಂದಾಗ ಮೊದಲು ದೇಹದ ಕಾರಣ ನೋಡಬೇಕು. ಥೈರಾಯ್ಡ್ ಏರುಪೇರು, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು, ಎಲ್ಲವೂ ನೆನಪನ್ನು ಮಂಕು ಮಾಡುತ್ತವೆ. ವೈದ್ಯರ ಬಳಿ ಕಳಿಸಿದೆ. ಬಿ12 ಕಡಿಮೆ ಇತ್ತು, ಚಿಕಿತ್ಸೆ ಶುರುವಾಯಿತು. ಆದರೆ ಆ ರಾತ್ರಿಯ ಪ್ರಶ್ನೆಗೆ ಉತ್ತರ ರಕ್ತಪರೀಕ್ಷೆಯಲ್ಲಿ ಇರಲಿಲ್ಲ.

ಎರಡನೇ ಭೇಟಿಯಲ್ಲಿ ಕೇಳಿದೆ: "ಆಗ ನೀವು ಏನು ಮಾಡುತ್ತಿದ್ದಿರಿ?" ಉತ್ತರ ತಕ್ಷಣ ಬಂತು. "ಉಸಿರು ಎಣಿಸುತ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತುಂಬ ಹೊತ್ತು ಆಗುತ್ತಿತ್ತು."

ನೆನಪು ಎಂದರೆ ಕಂಡದ್ದು ಕೇಳಿದ್ದೆಲ್ಲ ತಾನಾಗಿ ತುಂಬಿಕೊಳ್ಳುವ ಉಗ್ರಾಣ ಎಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ. ಗಮನ ಎತ್ತ ನೆಟ್ಟಿರುತ್ತದೋ ಅದಕ್ಕೇ ದಾಖಲಾಗುವ ಅವಕಾಶ ಹೆಚ್ಚು. ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು, ಆಗಿನ ಭಾವ, ಇವು ಮಿದುಳಿನ ಬೇರೆ ಬೇರೆ ಕಡೆ ಮೂಡುತ್ತವೆ; ಅವನ್ನು ಒಂದು ಘಟನೆಯಾಗಿ ಹೆಣೆಯುವುದು ಕಿವಿಯ ಮಟ್ಟದಲ್ಲಿ ಮಿದುಳಿನ ಆಳದಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗ. ಆ ಹೆಣಿಗೆ ಗಟ್ಟಿಯಾಗಲು ನಿದ್ದೆ ಬೇಕು. ಇಲಿಗಳು ಎಚ್ಚರವಿದ್ದು ಓಡಾಡುವಾಗ ಒಟ್ಟಿಗೆ ಚುರುಕಾದ ಹಿಪೊಕ್ಯಾಂಪಸ್ ಕೋಶಗಳು ನಿದ್ದೆಯಲ್ಲಿ ಮತ್ತೆ ಒಟ್ಟಿಗೆ ಚುರುಕಾಗುವುದನ್ನು ವಿಜ್ಞಾನಿಗಳಾದ ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ನಿದ್ದೆಗೆಟ್ಟ ಮಿದುಳಿಗೆ ಹಳೆಯದನ್ನು ಗಟ್ಟಿ ಮಾಡುವುದೂ ಕಷ್ಟ, ಹೊಸದನ್ನು ಹಿಡಿದುಕೊಳ್ಳುವುದೂ ಕಷ್ಟ.

"ಇಷ್ಟು ದೊಡ್ಡ ಘಳಿಗೆ ಅಚ್ಚೊತ್ತಿದ ಹಾಗೆ ನೆನಪಿರಬೇಕಲ್ಲವಾ?" ಎಂದರು. ನ್ಯಾಯವಾದ ಪ್ರಶ್ನೆ. ಭಯ, ದುಃಖದ ಹೊತ್ತಿನಲ್ಲಿ ಮಿದುಳಿನಲ್ಲಿ ಭಾವನೆಗಳ ಜೊತೆ ನಂಟಿರುವ ಅಮಿಗ್ಡಲ ಎಂಬ ಭಾಗ ನೆನಪಿಗೆ ಒತ್ತು ಕೊಡುವುದು ನಿಜ. ಆದರೆ ಆ ಒತ್ತು ಬೀಳುವುದು ಗಮನದ ನಡುವೆ ಇದ್ದದ್ದರ ಮೇಲೆ. ಅಂಚಿನಲ್ಲಿದ್ದದ್ದು ಮಸುಕಾಗಿಯೇ ಉಳಿಯಬಹುದು. ಇವರ ಗಮನದ ನಡುವೆ ಇದ್ದದ್ದು ಅಮ್ಮನ ಉಸಿರು. ಅದು ಇವತ್ತಿಗೂ ಒಂದೊಂದಾಗಿ ನೆನಪಿದೆ. "ಆ ಮಾತನ್ನು ನೀವು ಕಳೆದುಕೊಂಡಿದ್ದಲ್ಲ, ಬಹುಶಃ ಅದು ಒಳಗೆ ಬಂದೇ ಇರಲಿಲ್ಲ" ಎಂದೆ. ತುಂಬ ಹೊತ್ತು ಅತ್ತರು.

ಆಮೇಲೆ ಮಗ್ಗುಲು ಬದಲಿಸುತ್ತಿದ್ದುದು ಹೇಗೆ ಎಂದು ಕೇಳಿದೆ. ಮಾತಿಗಿಂತ ಮೊದಲು ಕೈ ಎದ್ದಿತು. ಎಡಗೈ ಭುಜದ ಕೆಳಗೆ, ಬಲಗೈ ಸೊಂಟಕ್ಕೆ, ಒಂದು ಕ್ಷಣ ತಡೆದು, ನಿಧಾನಕ್ಕೆ ತಮ್ಮ ಕಡೆಗೆ. ಎದುರಿಗೆ ಇದ್ದದ್ದು ಗಾಳಿ ಮಾತ್ರ, ಆದರೂ ಬೆರಳುಗಳು ಭಾರ ತಡೆದುಕೊಂಡ ಹಾಗೆ ಬಿಗಿಯಾದವು.

ಅವರಿಗೆ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯ ಕಥೆ ಹೇಳಿದೆ. ಅಪಸ್ಮಾರ ನಿಲ್ಲಿಸಲೆಂದು 1953ರಲ್ಲಿ ಅವರ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯಲು ಕೊಟ್ಟಾಗ, ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದೆ ಎಳೆದದ್ದು ಮಾತ್ರ ನೆನಪಿರಲಿಲ್ಲ. ಕೈ ಕಲಿತ ನೆನಪಿನ ದಾರಿಯೇ ಬೇರೆ. 11 ತಿಂಗಳ ಸೇವೆ ಇವರ ಕೈಯಲ್ಲಿ ಹಾಗೆ ಉಳಿದಿದೆ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು, ಆ ಮಾತನ್ನು ಬಲವಂತವಾಗಿ ನೆನಪಿಸಿಕೊಳ್ಳಲು ಹೋಗಬೇಡಿ ಎಂಬುದು. ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಖಾಲಿ ಜಾಗವನ್ನು ಕಲ್ಪನೆ ತುಂಬಿಬಿಡುತ್ತದೆ. ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರ ಪ್ರಯೋಗದಲ್ಲಿ ಕಾರು ಅಪಘಾತದ ದೃಶ್ಯ ತೋರಿಸಿದರು. "ಅಪ್ಪಳಿಸಿದಾಗ ವೇಗ ಎಷ್ಟಿತ್ತು" ಎಂಬರ್ಥದ ಪ್ರಶ್ನೆ ಕೇಳಿಸಿಕೊಂಡವರಲ್ಲಿ, "ತಾಗಿದಾಗ" ಎಂದು ಕೇಳಿಸಿಕೊಂಡವರಿಗಿಂತ ಹೆಚ್ಚು ಮಂದಿ, ಒಂದು ವಾರದ ನಂತರ, ಇರದ ಒಡೆದ ಗಾಜನ್ನು ಕಂಡೆವೆಂದರು. ಹಾಗಾಗಿ ಅಣ್ಣನನ್ನು ಕೇಳುವ ಮೊದಲು ತಮಗೆ ನಿಜವಾಗಿ ನೆನಪಿರುವುದನ್ನಷ್ಟೇ ಒಂದು ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿದೆ. ಅಣ್ಣನ ಮಾತನ್ನು ಅಣ್ಣನದೆಂದೇ ಬೇರೆಯಾಗಿ ಬರೆಯಬೇಕು.

ಎರಡು ಗಂಟೆಗೊಮ್ಮೆ ಎಚ್ಚರಾಗುವುದು ಅಮ್ಮ ಹೋದ ಮೇಲೂ ನಿಂತಿರಲಿಲ್ಲ. ಬೆಳಿಗ್ಗೆ ಏಳುವ ಹೊತ್ತು ಗೊತ್ತು ಮಾಡಿಕೊಂಡು, ಎಚ್ಚರವಾದಾಗ ಗಡಿಯಾರ ನೋಡುವುದನ್ನು ಬಿಡಿಸಿದೆವು. ನಿದ್ದೆ ಕೂಡಿಬರಲು ಎರಡು ತಿಂಗಳು ಹಿಡಿಯಿತು. ಬೀಗದ ಅನುಮಾನ, ಹೆಸರಿನ ತಡವರಿಕೆ ಎಷ್ಟೋ ಕಡಿಮೆಯಾಗಿವೆ.

ಆರನೇ ಭೇಟಿಗೆ ನೋಟ್‌ಬುಕ್ ತಂದಿದ್ದರು. ಜೋಮು ಹಿಡಿದ ತಮ್ಮ ಕಾಲು, ಅಂಗೈಯೊಳಗಿದ್ದ ಅಮ್ಮನ ಬೆರಳು, ಎಣಿಸಿದ ಉಸಿರು. "ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ" ಎಂಬಲ್ಲಿಗೆ ಅವರದ್ದು ಮುಗಿದಿತ್ತು. ಒಂದು ಗೆರೆ ಎಳೆದು, ಕೆಳಗೆ "ಅಣ್ಣ ಹೇಳಿದ್ದು" ಎಂದು ಬರೆದು, ಒಂದೇ ಸಾಲು: "ಅವಳಿಗೆ ಸ್ವಲ್ಪ ಮಲಗೋಕೆ ಹೇಳು."