ಅಮ್ಮನ ಡಬ್ಬಿ ದುಡ್ಡಿಗೂ ಆಧಾರ್ ಕೊಡ್ಬೇಕಾ?

ಪ್ರಶ್ನೆ (ಜೂನ್ 2023): ಮೇಡಂ, ನಮ್ಮಮ್ಮ ಸಾಸಿವೆ ಡಬ್ಬೀಲಿ ಕೂಡಿಟ್ಟಿದ್ದ ದುಡ್ಡಲ್ಲಿ ಎರಡು ಸಾವಿರದ ನೋಟು ಆರು ಇದ್ವು. ಮೇ 19ಕ್ಕೆ ರಿಸರ್ವ್ ಬ್ಯಾಂಕ್ ಈ ನೋಟು ವಾಪಸ್ ತಗೊಳ್ತೀವಿ ಅಂತು ಅಲ್ವಾ, ಬದಲಾಯಿಸೋಣ ಅಂತ ಅಮ್ಮ ಒಂದು ಬ್ಯಾಂಕಿಗೆ ಹೋದ್ರೆ ಆಧಾರ್ ಜೆರಾಕ್ಸ್ ಕೊಡಿ, ದುಡ್ಡು ಎಲ್ಲಿಂದ ಬಂತು ಬರೀರಿ ಅಂದ್ರಂತೆ. ಹೆದರ್ಕೊಂಡು ವಾಪಸ್ ಬಂದಿದಾರೆ, ಅಪ್ಪಂಗೆ ಹೇಳ್ಬೇಡ ಅಂತಾರೆ. ಹೀಗೆ ಕೇಳೋದು ಸರೀನಾ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದ್ಲು ಅಮ್ಮಂಗೆ ಧೈರ್ಯ ಹೇಳಿ, ಅವ್ರು ಏನೂ ತಪ್ಪು ಮಾಡಿಲ್ಲ. ಒಂದ್ಸಲಕ್ಕೆ 20,000 ರೂಪಾಯಿವರೆಗೆ ಯಾವ ಬ್ಯಾಂಕಲ್ಲಾದ್ರೂ ಬದಲಾಯಿಸ್ಬಹುದು, ಅಲ್ಲಿ ಖಾತೆ ಇರ್ಬೇಕು ಅಂತಾನೂ ಇಲ್ಲ. ಸ್ಟೇಟ್ ಬ್ಯಾಂಕ್ ಅಂತೂ ಅರ್ಜಿ ಚೀಟಿ ತುಂಬೋದು ಬೇಡ, ಗುರುತಿನ ಚೀಟಿನೂ ಬೇಡ ಅಂತ ತನ್ನ ಶಾಖೆಗಳಿಗೆ ಬರೆದೇ ತಿಳಿಸಿದೆ. ಗುರುತು ಕೇಳ್ದೆ ಬದಲಾಯಿಸೋದು ತಪ್ಪು ಅಂತ ದೆಹಲಿ ಹೈಕೋರ್ಟಿಗೆ ಹಾಕಿದ್ದ ಅರ್ಜಿನೂ ಮೇ 29ಕ್ಕೆ ವಜಾ ಆಯ್ತು. ಆದ್ರೂ ಕೆಲವು ಬ್ಯಾಂಕುಗಳು ತಮ್ಮ ಗ್ರಾಹಕರಲ್ಲದವ್ರ ಹತ್ರ ಗುರುತು ಕೇಳ್ತಿವೆ, ಅದಕ್ಕೇ ಅಮ್ಮನ ಖಾತೆ ಇರೋ ಶಾಖೆಗೋ ಸ್ಟೇಟ್ ಬ್ಯಾಂಕಿಗೋ ಹೋಗೋದು ಒಳ್ಳೇದು. ಸೆಪ್ಟೆಂಬರ್ 30ರವರೆಗೆ ಟೈಮ್ ಇದೆ (ಇದು 2023ರ ಮಾತು, ಬ್ಯಾಂಕುಗಳಲ್ಲಿ ಬದಲಾಯಿಸೋದು ಅದೇ ವರ್ಷ ಅಕ್ಟೋಬರ್ 7ಕ್ಕೆ ನಿಂತೋಯ್ತು).

ಖಾತೆಗೆ ಕಟ್ಟೋದು ಬೇರೆ ಲೆಕ್ಕ. 2023ರ ನಿಯಮದಲ್ಲಿ ಒಂದೇ ದಿನ 50,000 ದಾಟಿ ನಗದು ಕಟ್ಟಿದ್ರೆ ಪ್ಯಾನ್ ಬೇಕೇ ಬೇಕು, ಇಲ್ದಿದ್ರೆ ಫಾರಂ 60, ಅಂದ್ರೆ ಪ್ಯಾನ್ ಇಲ್ಲದವ್ರು ಬರೆದುಕೊಡೋ ಘೋಷಣೆ. ದೊಡ್ಡ ಮೊತ್ತಕ್ಕೆ ಇದು ಬೇಕು ಅಂತ ನಾನೂ ಒಪ್ತೀನಿ, ಆದ್ರೆ ಹನ್ನೆರಡು ಸಾವಿರ ಹಿಡ್ಕೊಂಡು ಬಂದಿರೋ ವಯಸ್ಸಾದ ಹೆಂಗಸನ್ನ ಕೌಂಟರಲ್ಲಿ ನಿಲ್ಸಿ ಎಲ್ಲಿಂದ ಬಂತು ಅಂತ ಕೇಳೋದು ನಂಗೆ ತುಂಬಾ ನೋವು ಕೊಡುತ್ತೆ. ಆ ದುಡ್ಡು ತರಕಾರಿ ಖರ್ಚಲ್ಲಿ, ಹಾಲಿನ ಲೆಕ್ಕದಲ್ಲಿ ಹತ್ತು ಇಪ್ಪತ್ತು ಉಳಿಸಿ ಮಾಡಿದ್ದು ರೀ, ಅದಕ್ಕೆ ರಸೀದಿ ಎಲ್ಲಿಂದ ತರ್ತಾರೆ?

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಅಮ್ಮನ ಖಾತೆಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೀರಾ ನೋಡಿ. ಅಪ್ಪಂದಾದ್ರೆ ಕಟ್ಟಿದ ತಕ್ಷಣ ಮೆಸೇಜ್ ಅವ್ರಿಗೇ ಹೋಗುತ್ತೆ, ಪಾಸ್‌ಬುಕ್ಕಲ್ಲೂ ಬರುತ್ತೆ. ಹಾಗಾಗಿ ಕಟ್ಟೋದಕ್ಕಿಂತ ಬದಲಾಯಿಸ್ಕೊಳ್ಳೋದೇ ಅಮ್ಮಂಗೆ ವಾಸಿ.

ಗುಟ್ಟಿಡೋರೆಲ್ಲ ಕಪ್ಪು ಹಣದೋರು ಅನ್ನೋ ಮಾತು ತಪ್ಪು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ಕ್ಕೆ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವ್ರು ಹಾಕಿದ್ದ ಕೇಸಲ್ಲೇ. ಮರುವರ್ಷದ ತೀರ್ಪಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಕಡ್ಡಾಯ ಅನ್ನೋ ನಿಯಮನೂ ಹೋಯ್ತು.

ಅಷ್ಟಾದ್ರೂ ಜೆರಾಕ್ಸ್ ಬೇಕೇ ಬೇಕು ಅಂದ್ರೆ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಆಧಾರ್ ಕೊಡಿ, ಅದರ ಮೇಲೆ ಅಡ್ಡಕ್ಕೆ 'ನೋಟು ಬದಲಾವಣೆಗೆ ಮಾತ್ರ' ಅಂತ ತಾರೀಕು ಹಾಕಿ ಬರೀರಿ. ಬದಲಾಯಿಸೋದೇ ಇಲ್ಲ ಅಂದ್ರೆ ಆ ಬ್ಯಾಂಕಿಗೇ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದಾರೆ. ಈ ಸಲ ಅಮ್ಮನ ಜೊತೆ ನೀವೂ ಹೋಗಿ.