ಅಡುಗೆ ಸೋಡಾ ಲವಣವೇ ಆದರೆ ಕೆಂಪು ಲಿಟ್ಮಸ್ ಯಾಕೆ ನೀಲಿಯಾಗುತ್ತದೆ?

ಆಮ್ಲ, ಪ್ರತ್ಯಾಮ್ಲ ಸೇರಿದರೆ ಲವಣ ಮತ್ತು ನೀರು ಸಿಗುತ್ತವೆ, ಹಾಗಾದರೆ ಲವಣ ತಟಸ್ಥವಾಗಿರಬೇಕಲ್ವಾ, ಪ್ರತ್ಯಾಮ್ಲ ತಗುಲಿದಾಗ ಮಾತ್ರ ನೀಲಿಯಾಗುವ ಕೆಂಪು ಲಿಟ್ಮಸ್ ಕಾಗದ ಇಲ್ಲಿ ಯಾಕೆ ನೀಲಿಯಾಗುತ್ತದೆ ಎಂದು ಕೇಳಿದ್ದೀರಿ. ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಈ ಪ್ರಶ್ನೆ ಕೇಳುವ ಮಕ್ಕಳೆಂದರೆ ನನಗೆ ಬಹಳ ಖುಷಿ. ಸುಮ್ನೆ ಬಾಯಿಪಾಠ ಮಾಡಿದವರಿಗೆ ಇದು ಹೊಳೆಯುವುದೇ ಇಲ್ಲ.

ಲವಣಗಳೆಲ್ಲ ತಟಸ್ಥ ಅಲ್ಲ. ಲವಣ ನೀರಿನಲ್ಲಿ ಕರಗಿದಾಗ ಅದರ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಬೇರೆ ಬೇರೆಯಾಗುತ್ತವೆ. ಆ ಅಯಾನುಗಳು ನೀರಿನ ಜೊತೆ ಏನು ಮಾಡುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಅಡುಗೆ ಉಪ್ಪು ನೋಡಿ. ಅದರಲ್ಲಿ ಸೋಡಿಯಂ, ಕ್ಲೋರೈಡ್ ಅಯಾನುಗಳಿವೆ. ಕ್ಲೋರೈಡ್ ಬಂದದ್ದು ಹೈಡ್ರೋಕ್ಲೋರಿಕ್ ಆಮ್ಲದಿಂದ. ಆ ಆಮ್ಲ ಪ್ರಬಲ, ನೀರಿಗೆ ಬಿದ್ದ ಕೂಡಲೇ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟುಬಿಡುತ್ತದೆ. ಬಿಟ್ಟುಕೊಟ್ಟ ಕ್ಲೋರೈಡ್ ಅದನ್ನು ಮತ್ತೆ ಕೇಳುವುದಿಲ್ಲ. ಸೋಡಿಯಂ ಕೂಡ ನೀರಿನ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಪಿಎಚ್ 7ರಲ್ಲೇ ಉಳಿಯುತ್ತದೆ. ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಅನ್ನುವುದರ ಅಳತೆ: 7 ತಟಸ್ಥ, ಅದಕ್ಕಿಂತ ಕಡಿಮೆ ಆಮ್ಲೀಯ, ಹೆಚ್ಚು ಪ್ರತ್ಯಾಮ್ಲೀಯ.

ಅಡುಗೆ ಸೋಡಾದಲ್ಲಿ ಇರುವುದು ಬೈಕಾರ್ಬೊನೇಟ್. ಅದು ಬಂದದ್ದು ಕಾರ್ಬೊನಿಕ್ ಆಮ್ಲದಿಂದ, ಅಂದರೆ ದುರ್ಬಲ ಆಮ್ಲದಿಂದ. ದುರ್ಬಲ ಆಮ್ಲ ಹೈಡ್ರೋಜನ್ ಅಯಾನನ್ನು ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಬೈಕಾರ್ಬೊನೇಟ್ ನೀರಿನ ಕೆಲವು ಅಣುಗಳಿಂದಲೇ ಹೈಡ್ರೋಜನ್ ಅಯಾನನ್ನು ಕಿತ್ತುಕೊಳ್ಳುತ್ತದೆ. ಅಲ್ಲಿ ಉಳಿಯುವುದು ಪ್ರತ್ಯಾಮ್ಲೀಯ ಗುಣ ಕೊಡುವ ಹೈಡ್ರಾಕ್ಸೈಡ್ ಅಯಾನು. ಲಿಟ್ಮಸ್ ನೀಲಿಯಾಗುವುದು ಇದರಿಂದಲೇ. ಪಿಎಚ್ ಸುಮಾರು 8.3 ಬರುತ್ತದೆ. ಬಟ್ಟೆ ಸೋಡಾದಲ್ಲಿರುವ ಕಾರ್ಬೊನೇಟ್ ಇನ್ನೂ ಜೋರಾಗಿ ಕಿತ್ತುಕೊಳ್ಳುತ್ತದೆ, ಅದರ ದ್ರಾವಣದ ಪಿಎಚ್ 11ರ ಆಸುಪಾಸಿಗೆ ಹೋಗುತ್ತದೆ.

ಇದರ ಉಲ್ಟಾ ಕಥೆ ನವಸಾಗರದ್ದು, ಅಂದರೆ ಅಮೋನಿಯಂ ಕ್ಲೋರೈಡ್. ಇಲ್ಲಿ ಆಮ್ಲ ಪ್ರಬಲ, ಪ್ರತ್ಯಾಮ್ಲವಾದ ಅಮೋನಿಯಾ ದುರ್ಬಲ. ಅಮೋನಿಯಂ ಅಯಾನು ನೀರಿಗೆ ಹೈಡ್ರೋಜನ್ ಅಯಾನನ್ನು ಕೊಡುತ್ತದೆ, ದ್ರಾವಣ ಆಮ್ಲೀಯವಾಗುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ನವಸಾಗರ ಉದುರಿಸಿದಾಗ ಬಿಳಿ ಹೊಗೆ ಏಳುತ್ತದೆ, ನೋಡಿದ್ದೀರಾ? ಆ ಬಿಸಿಗೆ ನವಸಾಗರ ಒಡೆದು ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಅದು ಲೋಹದ ಮೇಲಿನ ಆಕ್ಸೈಡ್ ಪದರವನ್ನು ತೆಗೆಯುತ್ತದೆ, ಆಮೇಲೆ ತವರ ಚೆನ್ನಾಗಿ ಹಿಡಿಯುತ್ತದೆ.

ಆಮ್ಲ, ಪ್ರತ್ಯಾಮ್ಲ ಎರಡೂ ದುರ್ಬಲವಾಗಿದ್ದರೆ ಯಾವುದು ಜಾಸ್ತಿ ದುರ್ಬಲ ಅಂತ ಹೋಲಿಸಬೇಕು. ಅಮೋನಿಯಂ ಅಸಿಟೇಟ್‌ನಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಹಾಗಾಗಿ ಅದು ತಟಸ್ಥಕ್ಕೆ ಹತ್ತಿರ.

ಪರೀಕ್ಷೆಯಲ್ಲಿ ತುಂಬ ಮಕ್ಕಳು ಎಡವುವ ಜಾಗ ಒಂದಿದೆ. ಅಡುಗೆ ಸೋಡಾದ ಸೂತ್ರದಲ್ಲಿ ಇನ್ನೂ ಒಂದು ಹೈಡ್ರೋಜನ್ ಉಳಿದಿದೆ, ಅದಕ್ಕೆ ಅದನ್ನು ‘ಆಮ್ಲೀಯ ಲವಣ’ ಅನ್ನುತ್ತಾರೆ. ಇದನ್ನು ಓದಿದವರು ದ್ರಾವಣವೂ ಆಮ್ಲೀಯ ಅಂತ ಬರೆದುಬಿಡುತ್ತಾರೆ. ಅದು ಸೂತ್ರದ ವರ್ಗೀಕರಣ ಅಷ್ಟೇ. ದ್ರಾವಣದ ಗುಣವನ್ನು ಪಿಎಚ್ ನೋಡಿಯೇ ಹೇಳಬೇಕು.

ಮನೆಯಲ್ಲೇ ಪರೀಕ್ಷಿಸಿ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿಕೊಳ್ಳಿ. ಆ ನೀರಿಗೆ ನಿಂಬೆರಸ ಹಿಂಡಿದರೆ ಗಾಢ ಗುಲಾಬಿ, ಅಡುಗೆ ಸೋಡಾ ಹಾಕಿದರೆ ಹಸಿರು. ಉಪ್ಪಿಗೆ ಹೇಳಿಕೊಳ್ಳುವಂಥ ಬದಲಾವಣೆ ಇರದು. ಅರಿಶಿನವೂ ನಡೆಯುತ್ತದೆ, ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುವುದು ಇದೇ ರಸಾಯನಶಾಸ್ತ್ರ. ಆದರೆ ಆಮ್ಲದಲ್ಲೂ ತಟಸ್ಥ ನೀರಿನಲ್ಲೂ ಅರಿಶಿನ ಹಳದಿಯೇ. ಅವೆರಡನ್ನು ಬೇರೆ ಮಾಡಿ ತೋರಿಸಲು ದಾಸವಾಳವೇ ಬೇಕು.

ಇನ್ನೊಂದು ಮಾಡಿ ನೋಡಿ. ಅಡುಗೆ ಸೋಡಾದ ದ್ರಾವಣವನ್ನು ಎರಡು ಪಾಲು ಮಾಡಿ, ಒಂದನ್ನು ಚೆನ್ನಾಗಿ ಕುದಿಸಿ ಆರಿಸಿ. ಎರಡಕ್ಕೂ ಚಿಟಿಕೆ ಅರಿಶಿನ ಹಾಕಿ. ಕುದಿಸಿದ ಪಾಲು ಹೆಚ್ಚು ಕೆಂಪಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಬೈಕಾರ್ಬೊನೇಟಿನ ಒಂದಷ್ಟು ಭಾಗ ಕಾರ್ಬೊನೇಟ್ ಆಗಿರುತ್ತದೆ.